ಪಾಲು ಹಾಲಾದ ಹಾಗೆ

ಹೊಫೂಫಿನ ಈ ಆಸ್ಪತ್ರೆಯಲ್ಲಿ ನನ್ನ ಹೆಸರು ರಾಶಬ್ಬ.
ಅರಬ್ಬಿಯಲ್ಲಿ ಚ ಇಲ್ಲ, ಪ ಇಲ್ಲ.
ಅವ್ವನ ಹರಕೆಯಿಂದ ಬಂದ ರಾಚಪ್ಪ
ಕೌಂಟರಿನ ಕಿಟಕಿ ದಾಟುವಾಗ ಎರಡಕ್ಷರ ಬದಲಿಸಿಕೊಂಡ.
ನಾನೂ ಓಗೊಟ್ಟೆ. ಹನ್ನೊಂದು ವರ್ಷವಾಯಿತು.

ಬೇಸರವೇನಿಲ್ಲ. ನಮ್ಮಲ್ಲೂ ಒಮ್ಮೆ ಪ ಕಳಚಿ ಬಿದ್ದಿತ್ತು:
ಪಾಲು ಹಾಲಾಯಿತು, ಪುಲಿ ಹುಲಿಯಾಯಿತು,
ಹಾಲು ಒಡೆಯಲಿಲ್ಲ, ಹುಲಿ ಹುಲ್ಲು ಮೇಯಲಿಲ್ಲ.
ರಕ್ತದ ಬರಹ ಅಷ್ಟು ಉದಾರಿಯಲ್ಲ.
ಅಲ್ಲಿ ಒಂದಕ್ಷರ ಜಾರಿದರೆ
ದುಂಡನೆಯ ಕಣ ಕುಡುಗೋಲಾಗಿ ಬಾಗುತ್ತದೆ,
ಸಣ್ಣ ನಾಳದ ತಿರುವಿನಲ್ಲಿ ಸಿಕ್ಕಿಕೊಳ್ಳುತ್ತದೆ,
ಮಂಡಿ ಹಿಡಿದು ಮಗು ರಾತ್ರಿಯಿಡೀ ಅಳುತ್ತದೆ.

ಬತೂಲ್ ಬಂದದ್ದು ಜವಾದನ ಜೊತೆ.
ಇಲ್ಲಿ ನಿಕಾಹ್‌ಗೆ ಮೊದಲು ರಕ್ತ ಮಾತಾಡಬೇಕು.
ಯಂತ್ರ ಆರು ನಿಮಿಷ ಗುರುಗುಟ್ಟಿ
ಕಾಗದದ ಮೇಲೆ ಗುಡ್ಡಗಳನ್ನು ಬರೆಯಿತು.
ಜವಾದನದು ಎ ಒಂದು, ಎಸ್ ಒಂದು.
ನೋವಿಲ್ಲ, ನರಳಿಕೆಯಿಲ್ಲ;
ಖರ್ಜೂರದ ಕಾಲುವೆಗಳಲ್ಲಿ ಸೊಳ್ಳೆ ಮೊರೆಯುತ್ತಿದ್ದ ಕಾಲಕ್ಕೆ
ಆ ಒಂದು ತಪ್ಪೇ ಅವನ ಹಿರಿಯರನ್ನು
ಚಳಿಜ್ವರದಿಂದ ಕಾದಿರಬೇಕು.
ಬತೂಲಳದು ಎರಡೂ ಎಸ್.
ಎ ಇರಬೇಕಾದ ಕಡೆ ಬರೀ ಬಯಲು.
ಆದರೂ ಇಪ್ಪತ್ತನಾಲ್ಕರ ಹುಡುಗಿ
ಮೆಟ್ಟಿಲು ಹತ್ತಿಯೇ ಬಂದಿದ್ದಳು, ಲಿಫ್ಟು ಕೆಟ್ಟಿತ್ತು.
ಕಾಗದದ ಎಡಕ್ಕೆ ಬೆರಳಿಟ್ಟಳು:
ಇದ್ಯಾವ ಗುಡ್ಡ?

ಹೇಳುವುದು ಡಾಕ್ಟರ ಕೆಲಸ. ನಾನು ಹೇಳಿದೆ,
ನನ್ನ ಮುರುಕು ಅರಬ್ಬಿಯಲ್ಲಿ:
ಅದು ಎಫ್. ತಾಯಿಯ ಹೊಟ್ಟೆಯೊಳಗೆ ನೀನು ನೇಯ್ದುಕೊಂಡ ರಕ್ತ.
ಹುಟ್ಟಿದ ಮೇಲೆ ಎಲ್ಲರಲ್ಲೂ ಆ ನೇಯ್ಗೆ ನಿಲ್ಲುತ್ತದೆ,
ನಿನ್ನಲ್ಲಿ ಯಾರೋ ನಿಲ್ಲಿಸಲು ಮರೆತಿದ್ದಾರೆ.
ಅದು ನಡುವೆ ಬಂದು ಕೂತು
ಕುಡುಗೋಲುಗಳನ್ನು ಕೂಡಿಕೊಳ್ಳಗೊಡುವುದಿಲ್ಲ.
ಅವಳು ನಕ್ಕಳು. ಅಜ್ಜಿ ಬೈಯುತ್ತಿದ್ದಳಂತೆ,
ಈ ಹುಡುಗಿ ದೊಡ್ಡವಳಾಗುವುದೇ ಇಲ್ಲ ಎಂದು.

ನೇಯ್ಗೆ ಅಂದದ್ದು ಅಭ್ಯಾಸಬಲ.
ಕೊಳ್ಳೇಗಾಲದಲ್ಲಿ ಅಪ್ಪನ ಮಗ್ಗ, ನೆತ್ತಿಯ ಮೇಲೆ ಜಕಾರ್ಡು,
ತೂತು ಕೊರೆದ ರಟ್ಟುಗಳ ಮಾಲೆ.
ತಾಯಿಯಂತೆ ಮಗಳು, ನೂಲಿನಂತೆ ಸೀರೆ
ಎಂದರೆ ಅಪ್ಪ ಒಪ್ಪುತ್ತಿರಲಿಲ್ಲ.
“ಅದೇ ನೂಲ್ನಲ್ಲಿ ಅಂಚೂ ಆಯ್ತದೆ, ಸೆರಗೂ ಆಯ್ತದೆ.
ತೂತಿದ್ದ ಕಡೆ ನೂಲು ಏಳ್ತದೆ, ಮುಚ್ಚಿದ ಕಡೆ ಮಲಗ್ತದೆ.
ಸೀರೆ ಅನ್ನೋದು ಎದ್ದ ನೂಲಿನ ಲೆಕ್ಕ ಕಣಾ.”
ಕಣ್ಣಿಗೂ ಕರುಳಿಗೂ ಒಂದೇ ನೂಲೆಂದು
ಮುಂದೆ ಕಾಲೇಜಿನಲ್ಲಿ ಕೇಳಿದಾಗ
ಬೆಂಚಿನಲ್ಲಿ ಅಚ್ಚರಿಪಡದವನು ನಾನೊಬ್ಬನೇ.

ಜಡೆಯನ ವಿಷಯ ಅವಳಿಗೆ ಹೇಳಲಿಲ್ಲ.
ಬಿಳಿಗಿರಿ ಬೆಟ್ಟದ ಸೋಲಿಗರ ಹುಡುಗ,
ಶಾಲೆಯ ಗೋಡೆಗೊರಗಿ ಬಿಸಿಲಿಗೆ ಮಂಡಿ ಚಾಚಿ ಕೂರುತ್ತಿದ್ದ,
ಮೇಷ್ಟ್ರು ಮೈಗಳ್ಳ ಎನ್ನುತ್ತಿದ್ದರು.
ಆ ಬೆಟ್ಟದ ರಕ್ತದಲ್ಲೂ ಇದೇ ಅಕ್ಷರ ಜಾರಿದೆಯಂತೆ,
ಹಿಂದುಮುಂದಿನ ಸಾಲೂ ಇದೇ ಇದ್ದೀತು.
ಡಾಕ್ಟರು ಅದನ್ನು ಅರಬ್-ಇಂಡಿಯನ್ ಎನ್ನುತ್ತಾರೆ.
ಯಾವ ಹಡಗು, ಯಾವ ಕಾಲ, ಯಾರು ಯಾರಿಗೆ ಕೊಟ್ಟರು,
ಖರ್ಜೂರದ ಮೂಟೆಗಿರುವಷ್ಟು ರಸೀದಿಯೂ ಇಲ್ಲ.

ಅವರು ಮದುವೆಯಾದರು.
ಕಾನೂನು ತಿಳಿಸುತ್ತದೆ, ತಡೆಯುವುದಿಲ್ಲ.
ನಾಣ್ಯದ ಎರಡು ಮುಖ, ಪ್ರತಿ ಮಗುವಿಗೂ ಒಂದು ಚಿಮ್ಮು
ಎಂದು ಡಾಕ್ಟರು ಹೇಳಿದ್ದರು.
ಕೌಂಟರಿಗೆ ಒಂದು ಡಬ್ಬಿ ಖಲಾಸ್ ಬಂತು, ಹಂಚಿಕೊಂಡೆವು.

ನಿನ್ನೆ ರಾತ್ರಿ ಪಾಳಿ. ಹೊಕ್ಕುಳಬಳ್ಳಿಯ ರಕ್ತ,
ಚೀಟಿಯಲ್ಲಿ: ಬತೂಲಳ ಮಗು, ಹೆಣ್ಣು.
ಮೊದಲು ಎದ್ದದ್ದು ಎಫ್,
ಎಲ್ಲ ಕೂಸುಗಳಲ್ಲೂ ಏಳುವ ಹಾಗೆ, ಪರದೆಯ ನೆತ್ತಿ ಮುಟ್ಟುವ ಬೆಟ್ಟ.
ಉಳಿದದ್ದನ್ನು ನೋಡಲಾಗದೆ
ಬೆನ್ನು ತಿರುಗಿಸಿ ಕೈ ತೊಳೆದೆ, ಎರಡು ಸಲ.
ತಿರುಗಿದರೆ
ಬೆಟ್ಟದ ಬಲಕ್ಕೆ ತಾಯಿಯ ಎಸ್,
ಇವೆರಡರ ನಡುವೆ
ಇರುವೆಗೂಡಿನಷ್ಟು ಒಂದು ಎ.
ಜವಾದ್ ಕೊಟ್ಟದ್ದು.

ಇಷ್ಟು ದಿನ ಮುಚ್ಚದ ತೂತನ್ನೇ ಹೊಗಳಿದವನು
ನಳಿಕೆಯನ್ನು ಸ್ಟ್ಯಾಂಡಿಗೆ ಇಳಿಸುತ್ತ
ಕೊಳ್ಳೇಗಾಲದ ಮಾತಲ್ಲೇ ಅಂದೆ:
ನೀನು ಮುಚ್ಕಬೋದು ಕಣವ್ವ, ನಿಧಾನಕ್ಕೆ.